ಸಂತ ಅನ್ನಮ್ಮನವರ ಊರಿನಲ್ಲಿ ಒಂದು ಮಧ್ಯಾಹ್ನ



ನಮ್ಮ ಗುರುನಿವಾಸದ ಕಚೇರಿಯಲ್ಲಿ ಕಬ್ಬಿಣದ ಕಪಾಟಿನ ಮೇಲೆ ಒಂದು ಉದ್ದನೆಯ ಕಾಗದದ ಸುರುಳಿ ಇದೆ. ರಬ್ಬರ್ ಬ್ಯಾಂಡ್ ಹಾಕಿ ಅದನ್ನು ಅಲ್ಲಿ ಇಟ್ಟು ವರ್ಷದ ಮೇಲಾಯಿತು. ಅದು ಹೊಸ ಇಗರ್ಜಿಯ ನಕ್ಷೆ. ಹಳೆಯ ಇಗರ್ಜಿಯನ್ನು ಕೆಡವಿ, ಅದೇ ಜಾಗದಲ್ಲಿ ಕಾಂಕ್ರೀಟಿನ ವಿಶಾಲವಾದ ದೇವಾಲಯ ಕಟ್ಟಬೇಕೆಂಬ ಆಲೋಚನೆ ನಮ್ಮ ಧರ್ಮಕೇಂದ್ರದಲ್ಲಿ ಬಹಳ ದಿನಗಳಿಂದ ಇದೆ. ಹಬ್ಬದ ದಿನ ಅರ್ಧ ಜನ ಬಿಸಿಲಿನಲ್ಲಿ ನಿಲ್ಲುತ್ತಾರೆ. ಮಳೆಗಾಲದಲ್ಲಿ ಪಕ್ಕಾಸು ಒದ್ದೆಯಾಗಿ, ಗಾಯನ ಮಂಡಳಿಯವರು ಹಾರ್ಮೋನಿಯಂ ಎತ್ತಿಕೊಂಡು ಅತ್ತಿತ್ತ ಸರಿಯಬೇಕಾಗುತ್ತದೆ. ಗೆದ್ದಲು ಬೇರೆ. ಹೊರದೇಶದಲ್ಲಿರುವ ನಮ್ಮ ಯುವಕರು 'ನೀವು ಶುರುಮಾಡಿ ಫಾದರ್, ನಾವು ಕೈಜೋಡಿಸುತ್ತೇವೆ' ಎಂದು ಮಾತು ಕೊಟ್ಟಿದ್ದಾರೆ. ಮರೆಮಾಚುವುದೇಕೆ, ಆ ನಕ್ಷೆಯನ್ನು ಬರೆಸಿದವರೂ ನಾವೇ.

ಆದರೆ ಪಾಲನಾ ಮಂಡಳಿಯ ಸಭೆಗಳಲ್ಲಿ ಮಾತು ಒಮ್ಮತಕ್ಕೆ ಬರಲಿಲ್ಲ. ಒಬ್ಬರು ಹೌದೆಂದರೆ ಇನ್ನೊಬ್ಬರು ಬೇಡವೆಂದರು. ಕೊನೆಗೆ ನಮ್ಮ ಹಿರಿಯ ಗುರಿಕಾರರೊಬ್ಬರು, 'ಕೆಡವುವ ಮೊದಲು ಹಳೆಯ ಇಗರ್ಜಿಗಳು ಬೇರೆ ಕಡೆ ಹೇಗೆ ಉಳಿದಿವೆ ಎಂದು ಒಮ್ಮೆ ನೋಡಿಕೊಂಡು ಬರೋಣ' ಎಂದರು. ಹೀಗೆ ಕಳೆದ ನವೆಂಬರಿನಲ್ಲಿ ಮಂಡಳಿಯವರು, ಕೆಲವು ಯುವಕರು, ನಾಲ್ಕಾರು ಮಂದಿ ಅಜ್ಜಿಯಂದಿರು, ಒಬ್ಬರು ವಯಸ್ಸಾದ ಮೇಸ್ತ್ರಿ, ಎಲ್ಲರೂ ಸೇರಿ ಕಾಸರಗೋಡಿನಲ್ಲಿ ರೈಲು ಹತ್ತಿ ಗೋವೆಗೆ ಹೊರಟೆವು. ನಮ್ಮ ಹೆಚ್ಚಿನ ಮನೆತನಗಳ ಪೂರ್ವಜರು ಮೂರು ನಾಲ್ಕು ಶತಮಾನಗಳ ಹಿಂದೆ ಬಿಟ್ಟು ಬಂದ ನೆಲವದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂದು ನಾಲ್ಕು ಮಾತುಗಳ ನಡುವೆ ಬದುಕುವ ನಮಗೆ, ಆ ನಾಲ್ಕರಲ್ಲಿ ಮೊದಲನೆಯದರ ತವರು.

ಮೊದಲು ಹೋದದ್ದು ಹಳೇ ಗೋವೆಗೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರವಿರುವ ಬೊಮ್ ಜೇಸು ಬಸಿಲಿಕಾದಲ್ಲಿ ಪ್ರಾರ್ಥಿಸಿ, ಅಲ್ಲಿಂದ ಹತ್ತಿರದಲ್ಲೇ ಇರುವ ಒಂದು ಗುಡ್ಡವನ್ನು ಏರಿದೆವು. ಅಲ್ಲಿ ಇರುವುದು ಒಂದು ಒಂಟಿ ಗೋಪುರ. ಬರಿಯ ಮುರಕಲ್ಲಿನದು, ಸುಮಾರು 46 ಮೀಟರ್ ಎತ್ತರ. ಸುತ್ತಲೂ ಮೋಟು ಗೋಡೆಗಳು, ನೆಲದ ಮೇಲೆ ಸಮಾಧಿ ಕಲ್ಲುಗಳು, ಮೇಲೆ ಆಕಾಶ. ಇದು ಅಗಸ್ಟೀನಿಯನ್ ಸಂನ್ಯಾಸಿಗಳು 1597ರಿಂದ 1602ರವರೆಗೆ ಕಟ್ಟಿದ ಕೃಪಾ ಮಾತೆಯ ಇಗರ್ಜಿ. ತನ್ನ ಕಾಲದಲ್ಲಿ ಗೋವೆಯ ಅತಿ ದೊಡ್ಡ ಇಗರ್ಜಿಗಳ ಸಾಲಿನಲ್ಲಿ ನಿಂತದ್ದು.

ಇದನ್ನು ಶತ್ರುಗಳು ಬಂದು ಕೆಡವಲಿಲ್ಲ. ಭೂಕಂಪವೂ ಆಗಲಿಲ್ಲ. 1834ರಲ್ಲಿ ಪೋರ್ಚುಗಲ್ ಸರಕಾರ ಧಾರ್ಮಿಕ ಸಭೆಗಳನ್ನು ರದ್ದುಮಾಡಿತು. ಮರುವರ್ಷ ಗೋವೆಯಲ್ಲೂ ಆ ಆಜ್ಞೆ ಜಾರಿಯಾಗಿ ಸಂನ್ಯಾಸಿಗಳು ಮಠ ಬಿಟ್ಟು ಹೋಗಬೇಕಾಯಿತು. ಜ್ವರ, ವಾಂತಿಭೇದಿಗಳಿಂದ ನಗರವೂ ಅಷ್ಟರಲ್ಲಿ ಬರಿದಾಗುತ್ತ ಬಂದಿತ್ತು. ಬಾಗಿಲು ಹಾಕಿದ ಇಗರ್ಜಿಯ ಕಮಾನು ಛಾವಣಿ 1842ರಲ್ಲಿ, ಎಂದರೆ ಏಳೇ ವರ್ಷಗಳಲ್ಲಿ, ಕುಸಿದುಬಿತ್ತು. ಮುಂಭಾಗ 1931ರಲ್ಲಿ ನೆಲಕ್ಕೊರಗಿತು. ಇದರ ದೊಡ್ಡ ಗಂಟೆ ಮಾತ್ರ ಅಗ್ವಾದ ಕೋಟೆಯ ದೀಪಸ್ತಂಭಕ್ಕೆ ಹೋಗಿ, 1871ರಿಂದ ಪಣಜಿಯ ಅಮಲೋದ್ಭವ ಮಾತೆಯ ಇಗರ್ಜಿಯಲ್ಲಿ ಬಾರಿಸುತ್ತಿದೆ.

ನಮ್ಮ ಮೇಸ್ತ್ರಿ ಬಹಳ ಹೊತ್ತು ಆ ಗೋಪುರವನ್ನೇ ನೋಡುತ್ತ ನಿಂತರು. ಅವರು ಮಾತು ಕಡಿಮೆಯವರು. 'ಮಳೆಗಾಲಕ್ಕೆ ಮೊದಲು ಛಾವಣಿ ಹತ್ತಿ ಗಿಡ ಕಿತ್ತುಹಾಕಲು ಒಂದು ಜನ ಇರಲಿಲ್ಲ ಫಾದರ್, ಅಷ್ಟೇ' ಎಂದರು. ಗೋಪುರದ ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದದ್ದನ್ನು ಬೆರಳಿಟ್ಟು ತೋರಿಸಿದರು. ನಾವು ಸೆಮಿನರಿಯಲ್ಲಿ ಧರ್ಮಸಭೆಯ ಚರಿತ್ರೆಯನ್ನು ವರ್ಷಗಟ್ಟಲೆ ಓದಿದವರು. ಈ ಮಾತನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ತಲಾವ್ಲಿಗೆ ಹೊರಟೆವು. ಪಣಜಿಯಿಂದ ಮಡಗಾಂವಿಗೆ ಹೋಗುವ ಹೆದ್ದಾರಿಯಲ್ಲಿ ಪಿಲಾರಿನ ಹತ್ತಿರ ಒಳದಾರಿ ಹಿಡಿಯಬೇಕು. ಅದು ಗೋವಾ ವೆಲ್ಹಾದ ಆಸುಪಾಸು. ಪೋರ್ಚುಗೀಜರಿಗೆ ಎಷ್ಟೋ ಮೊದಲು, ಹನ್ನೊಂದನೇ ಶತಮಾನದಲ್ಲಿ, ಗೋವೆಯ ಕದಂಬರು ರಾಜಧಾನಿ ಮಾಡಿಕೊಂಡಿದ್ದ ಗೋಪಕಪಟ್ಟಣ ಜುವಾರಿ ನದಿಯ ಈ ದಂಡೆಯಲ್ಲೇ ಇತ್ತು. ಕನ್ನಡದಲ್ಲಿ ಶಾಸನ ಬರೆಸಿದ ಅರಸರ ಊರು ಎಂದಾಗ ನಮ್ಮ ಕನ್ನಡ ಅಧ್ಯಾಪಕರೊಬ್ಬರು ಬಸ್ಸಿನಲ್ಲಿ ಎದ್ದು ನಿಂತೇಬಿಟ್ಟರು. ರಸ್ತೆ ಕಿರಿದಾಗುತ್ತ ಹೋಯಿತು. ತೆಂಗು, ಗದ್ದೆ, ಹಂಚಿನ ಮನೆಗಳು. ನಮ್ಮ ಕುಂಬಳೆ, ಮಂಜೇಶ್ವರಗಳ ಕಡೆಯ ಹಳ್ಳಿಯಲ್ಲೇ ಹೋಗುತ್ತಿದ್ದೇವೆಯೇ ಎನ್ನಿಸುವಷ್ಟು ಹೋಲಿಕೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಅದು ಕಾಣಿಸಿತು.

ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಇಗರ್ಜಿ! ಬೆಳ್ಳಗಿನ ಮುಂಭಾಗ ಐದು ಅಂತಸ್ತು ಏರಿ ನಿಂತಿದೆ. ಎರಡು ಪಕ್ಕಗಳಲ್ಲಿ ಚೌಕಾಕಾರದ ಗೋಪುರಗಳು. ಪ್ರತಿ ಅಂತಸ್ತಿಗೂ ಅಡ್ಡಪಟ್ಟಿ, ಗೋಡೆಗೆ ಅಂಟಿಕೊಂಡ ಅರೆಗಂಬಗಳು, ಸಾಲಾಗಿ ಕಿಟಕಿಗಳು. ಅದರ ಮುಂದೆ ನಿಂತ ನಮ್ಮ ಬಸ್ಸು ಮಕ್ಕಳ ಆಟದ ಸಾಮಾನಿನಂತೆ ಕಂಡಿತು.

ಇದು ಯೇಸುಸ್ವಾಮಿಯ ಅಜ್ಜಿ, ಮಾತೆ ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರಿಗೆ ಅರ್ಪಿತವಾದ ಇಗರ್ಜಿ. ಗೋವೆಯವರು 'ಸಾಂತಾನ' ಎನ್ನುತ್ತಾರೆ. ಇಲ್ಲಿ ಮೊದಲೊಂದು ಚಿಕ್ಕ ಇಗರ್ಜಿ ಇತ್ತು. ಕೋಲೂರಿಕೊಂಡು ಟೋಪಿ ಧರಿಸಿದ ಮುದುಕಿಯೊಬ್ಬರು ಗುಡ್ಡ ಇಳಿದು ಬರುವುದನ್ನು ಊರವರು ಕಂಡರು, ಇಲ್ಲೇ ತನಗೆ ಮನೆ ಬೇಕೆಂದು ಅವರು ಹೇಳಿದರು ಎಂಬುದು ಊರಿನ ಐತಿಹ್ಯ. ಈಗಿರುವ ಕಟ್ಟಡದ ಕೆಲಸ 1681ರಲ್ಲಿ ಫ್ರಾನ್ಸಿಸ್ಕೊ ದೊ ರೇಗೊ ಎಂಬ ಗುರುಗಳ ಕಾಲದಲ್ಲಿ ಆರಂಭವಾಗಿ, ಅವರ ನಂತರ ಬಂದ ಅಂತೋನಿಯೊ ಫ್ರಾನ್ಸಿಸ್ಕೊ ದ ಕುನ್ಹಾ ಗುರುಗಳ ಕಾಲದಲ್ಲಿ 1695ರಲ್ಲಿ ಮುಗಿಯಿತು. ನಡುವೆ 1683ರಲ್ಲಿ ಸಂಭಾಜಿಯ ಸೇನೆ ಗೋವೆಯ ಮೇಲೆ ಏರಿಬಂದು, ರಾಜಧಾನಿಯೇ ಇಂದೋ ನಾಳೆಯೋ ಎಂಬಂತೆ ನಡುಗಿತ್ತು. ಆ ದಾಳಿಗಳು, ಬರಗಾಲ, ತೆರಿಗೆ, ಧರ್ಮವಿಚಾರಣೆಯ ನ್ಯಾಯಾಲಯದ ಕಾಟ, ಇವೆಲ್ಲದರಿಂದ ಬೇಸತ್ತು ಎಷ್ಟೋ ಕುಟುಂಬಗಳು ಕೆನರಾದ ಕಡೆಗೆ ಹೊರಟದ್ದು ಆ ಶತಮಾನಗಳಲ್ಲೇ. ಅಂತಹ ಕಾಲದಲ್ಲಿ ಹದಿನಾಲ್ಕು ವರ್ಷ ಕಲ್ಲಿನ ಮೇಲೆ ಕಲ್ಲಿಡುವ ಧೈರ್ಯ ಇವರಿಗೆ ಎಲ್ಲಿಂದ ಬಂತೋ!

ಬೆಳಿಗ್ಗೆ ಗುಡ್ಡದ ಮೇಲೆ ಕಂಡ ಒಂಟಿ ಗೋಪುರಕ್ಕೂ ಇದಕ್ಕೂ ಒಂದು ಸಂಬಂಧವಿದೆ. ಗೋಪುರಗಳ ನಡುವೆ ಐದು ಅಂತಸ್ತು ಎತ್ತರಿಸುವ ಈ ಮುಂಭಾಗಕ್ಕೆ ಅಗಸ್ಟೀನಿಯನ್ನರ ಇಗರ್ಜಿಯೇ ಮಾದರಿ ಎಂದು ಬಲ್ಲವರು ಹೇಳುತ್ತಾರೆ. ಆ ಇಗರ್ಜಿ ಹೇಗೆ ಕಾಣುತ್ತಿತ್ತು ಎಂದು ತಿಳಿಯಬೇಕಾದರೆ ಇಂದು ತಲಾವ್ಲಿಗೆ ಬರಬೇಕು. ತಾಯಿ ಸತ್ತು ಹೋಗಿದ್ದಾಳೆ, ಮುಖಲಕ್ಷಣ ಮಗಳಲ್ಲಿ ಉಳಿದಿದೆ.

ಒಳಗೆ ಕಾಲಿಟ್ಟರೆ ಇನ್ನೊಂದು ಲೋಕ. ಅರ್ಧ ಪೀಪಾಯಿಯನ್ನು ಕವುಚಿ ಹಾಕಿದಂತೆ ಉದ್ದಕ್ಕೂ ಬಾಗಿದ ಕಮಾನು ಛಾವಣಿ. ಮೇಲಿನ ಕಿಟಕಿಗಳಿಂದ ಬೆಳಕು ಗೋಡೆಯ ಮೇಲೆ ಬಿದ್ದು ಅಲ್ಲಿಂದ ನಮ್ಮ ಮೇಲೆ ಇಳಿಯುತ್ತದೆ. ಗೋಡೆಯ ಗೂಡುಗಳ ತಲೆಯ ಮೇಲೆ ಕಡಲ ಚಿಪ್ಪಿನ ಆಕಾರ. ಈ ಶೈಲಿಗೆ ಬರೋಕ್ ಎಂಬ ಹೆಸರು. ಹದಿನೇಳನೇ ಶತಮಾನದಲ್ಲಿ ರೋಮಿನಿಂದ ಹಿಡಿದು ಕ್ಯಾಥೋಲಿಕ ಲೋಕವನ್ನೆಲ್ಲ ವ್ಯಾಪಿಸಿದ್ದು. ಆದರೆ ಇಲ್ಲಿ ಕೆಲಸ ಮಾಡಿದ್ದು ನಮ್ಮ ಕರಾವಳಿಯ ಕೈಗಳು. ಅಮೃತಶಿಲೆ ಇಲ್ಲದ ಊರಿನಲ್ಲಿ ಮುರಕಲ್ಲು, ಸುಣ್ಣ, ಮರ, ಇಷ್ಟರಿಂದಲೇ ಅವರು ಅದನ್ನು ತಮ್ಮದಾಗಿ ಮಾಡಿಕೊಂಡರು. 'ಬರೋಕ್ ಗೋವಾ' ಎಂಬ ಪುಸ್ತಕ ಬರೆದ ಗೋವೆಯ ಮನೆತನದ ವಿದ್ವಾಂಸ ಜೋಸ್ ಪೆರೇರಾ ಅವರು ಈ ಇಗರ್ಜಿಗೆ ಬಹಳ ಎತ್ತರದ ಸ್ಥಾನ ಕೊಟ್ಟಿದ್ದಾರೆ. ಇದು ಯುರೋಪಿನ ನಕಲಲ್ಲ, ಭಾರತದ್ದೇ ಆದ ಬರೋಕ್ ಎಂಬುದು ಅವರ ವಾದದ ತಿರುಳು.

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಗೋಡೆ. ಇಲ್ಲಿನ ಗೋಡೆಗಳ ದಪ್ಪದೊಳಗೇ ಓಣಿಯಂತಹ ಟೊಳ್ಳು ಇದೆ. ಪಾಪನಿವೇದನೆಯ ಸ್ಥಾನಗಳಿಗೆ ಆ ಟೊಳ್ಳಿನ ಮೂಲಕವೇ ಹೋಗುವ ವ್ಯವಸ್ಥೆ. ಗುರುಗಳು ಜನರ ನಡುವೆ ನಡೆದು ಬರಬೇಕಾಗಿಲ್ಲ. ಯಾರು ಯಾರ ಬಳಿ ಹೋದರು ಎಂದು ನೋಡುವವರಿಗೂ ಅವಕಾಶವಿಲ್ಲ. ಪಾಪನಿವೇದನೆಯ ಗುಟ್ಟನ್ನು ಕಲ್ಲಿನಲ್ಲೇ ಕಟ್ಟಿಟ್ಟಂತೆ. ಇಪ್ಪತ್ತು ವರ್ಷಗಳಿಂದ ಆ ಸಂಸ್ಕಾರವನ್ನು ಕೊಡುತ್ತ ಬಂದಿರುವ ನಮಗೆ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮುನ್ನೂರು ವರ್ಷಗಳಲ್ಲಿ ಎಷ್ಟು ಕಣ್ಣೀರನ್ನು ಕೇಳಿಸಿಕೊಂಡಿರಬಹುದು ಈ ಗೋಡೆ? ಹೊರಗೆ ಒಂದು ಮಾತನ್ನೂ ಬಿಟ್ಟುಕೊಟ್ಟಿಲ್ಲ.

ಮೇಸ್ತ್ರಿ ಮಾತ್ರ ಕೈಚಾಚಿ ಗೋಡೆಯ ದಪ್ಪ ಅಳೆಯುತ್ತಿದ್ದರು. ನಾವು ಹತ್ತಿರ ಹೋದಾಗ ಮೆಲ್ಲಗೆ, 'ಫಾದರ್, ನಮ್ಮ ಬಡಗು ಗೋಡೆ' ಎಂದು ಅಲ್ಲಿಗೇ ನಿಲ್ಲಿಸಿದರು.

ಈ ಮಾತನ್ನು ನಿಮಗೆ ಬಿಡಿಸಿ ಹೇಳಲೇಬೇಕು. ಎರಡು ವರ್ಷಗಳ ಹಿಂದೆ ನಮ್ಮ ಇಗರ್ಜಿಯ ಬಡಗು ಗೋಡೆಯ ಗಾರೆ ಅಲ್ಲಲ್ಲಿ ಉದುರಿತ್ತು. ಹಬ್ಬ ಹತ್ತಿರವಿತ್ತು. ನಾವು ಯಾರನ್ನೂ ಹೆಚ್ಚು ಕೇಳದೆ ಹಳೆಯ ಸುಣ್ಣದ ಗಾರೆಯನ್ನು ಪೂರಾ ಕೆತ್ತಿಸಿ, ಸಿಮೆಂಟಿನ ಗಾರೆ ಹಾಕಿಸಿ, ಮೇಲೆ ಒಳ್ಳೆಯ ಬಣ್ಣ ಬಳಿಸಿದೆವು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಮೈಯಲ್ಲಿ ತೇವ ಏರಿತು, ಬಿಳಿಯ ಉಪ್ಪು ಅರಳಿತು, ಎರಡನೆಯ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿತು. 'ನೋಡಿ, ಗೋಡೆ ಹಳತಾಗಿ ಕೆಟ್ಟುಹೋಗಿದೆ, ಇನ್ನು ಕೆಡವುವುದೇ ದಾರಿ' ಎಂದು ಸಭೆಯಲ್ಲಿ ನಾವೇ ಹೇಳಿದೆವು.

ತಲಾವ್ಲಿಯ ಅಂಗಳದ ನೆರಳಿನಲ್ಲಿ ಕುಳಿತು ಮೇಸ್ತ್ರಿ ವಿವರಿಸಿದರು. ಮುರಕಲ್ಲು ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಮೈತುಂಬ ರಂಧ್ರ. ಆದ್ದರಿಂದ ಅದು ಮಳೆಯನ್ನೂ ನೆಲದ ತೇವವನ್ನೂ ಕುಡಿಯುತ್ತದೆ. ಹಿಂದೆ ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು ಸೇರಿಸಿ ಅರೆದು ಹದಮಾಡಿದ ಗಾರೆ ಹಾಕುತ್ತಿದ್ದರು. ಆ ಗಾರೆ ಗೋಡೆ ಕುಡಿದ ನೀರನ್ನು ಬೇಸಗೆಯಲ್ಲಿ ಮೆಲ್ಲಗೆ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಕಲ್ಲನ್ನೇ ಸವೆಸುತ್ತದೆ. 'ಗೋಡೆಗೂ ಉಸಿರು ಬೇಕು ಫಾದರ್. ನಾವು ಅದರ ಮೂಗು ಮುಚ್ಚಿದೆವು' ಎಂದರು. ಮುಚ್ಚಿದ್ದು ನಾವು; ಅವರು 'ನಾವು' ಎಂದದ್ದು ಅವರ ದೊಡ್ಡತನ. 'ಆಗಲೇ ಹೇಳಬಾರದಿತ್ತೇ?' ಎಂದು ಕೇಳಿದೆವು. 'ಆಗ ನೀವು ಕೇಳಲಿಲ್ಲವಲ್ಲ' ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಅಂದಹಾಗೆ, ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಸಿಕ್ಕಿದ್ದು ನಮ್ಮ ಸೀಮೆಯ ಮೂಲಕವೇ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು, ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲತೀನ್ ಪದದಿಂದ ಆ ಹೆಸರು ಕೊಟ್ಟರು. ಅವರ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಗೋವೆಯ ಸಾಂತಾನವೂ, 1890ರಲ್ಲಿ ಸ್ಥಾಪನೆಯಾದ ಬೇಳದ ಶೋಕ ಮಾತೆಯ ಧರ್ಮಕೇಂದ್ರವಿರುವ ನಮ್ಮ ನೆಲವೂ ಈ ಒಂದೇ ಕೆಂಪು ಕಲ್ಲಿನ ಪಟ್ಟಿಯ ಮೇಲೆ ನಿಂತಿವೆ.

ಇಷ್ಟೆಲ್ಲ ಮಾತಾಗುವಾಗ ನಮ್ಮ ಗುಂಪಿನ ಅಜ್ಜಿಯೊಬ್ಬರು ಕಾಣುತ್ತಿರಲಿಲ್ಲ. ಹುಡುಕಿಕೊಂಡು ಒಳಗೆ ಹೋದರೆ ಬಲಿಪೀಠದ ಹತ್ತಿರ ಮೊಣಕಾಲೂರಿದ್ದರು. ಮುಂದೆ ಒಂದು ಸೌತೆಕಾಯಿ! ಊರಿನಿಂದ, ತಮ್ಮ ಹಿತ್ತಿಲಿನ ಬಳ್ಳಿಯದೇ, ಬಟ್ಟೆಯ ಚೀಲದಲ್ಲಿ ಸೀರೆಯ ನಡುವೆ ಇಟ್ಟುಕೊಂಡು ಬಂದಿದ್ದರು.

ಇದರ ಹಿನ್ನೆಲೆ ಹೀಗೆ. ಜುಲೈ 26ರಂದು ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ತಲಾವ್ಲಿಯಲ್ಲಿ ಇದಕ್ಕೆ 'ತವ್ಶ್ಯಾಂಚೆಂ ಫೆಸ್ತ್', ಎಂದರೆ ಸೌತೆಕಾಯಿ ಹಬ್ಬ ಎಂದೇ ಹೆಸರು. ಮಳೆಗಾಲದ ಹೊಸ ಸೌತೆಕಾಯಿಯನ್ನು ತಂದು ಅರ್ಪಿಸುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಮಗುವಿಗಾಗಿ ಬೇಡಿಕೊಳ್ಳುತ್ತಾರೆ. ವಯಸ್ಸಾದ ಮೇಲೆ ದೇವರ ಕೃಪೆಯಿಂದ ಮಗುವನ್ನು ಪಡೆದವರು ಅನ್ನಮ್ಮ ಎಂಬುದು ಪರಂಪರೆಯ ನಂಬಿಕೆ. ಅವರ ಹೆಸರು ಬೈಬಲಿನಲ್ಲಿ ಬರುವುದಿಲ್ಲ, ಎರಡನೇ ಶತಮಾನದಷ್ಟು ಹಳೆಯದಾದ ಯಾಕೋಬರ ಹೆಸರಿನ ಒಂದು ಬರಹದಿಂದ ಬಂದದ್ದು. ಮದುವೆಯಾಗದ ಹುಡುಗರು ಚಮಚ ಅರ್ಪಿಸುತ್ತಾರಂತೆ, ಹುಡುಗಿಯರು ಉದ್ದು. ಚಮಚಕ್ಕೂ ಹೆಂಡತಿಗೂ ಪೋರ್ಚುಗೀಸಿನಲ್ಲಿ ಪ್ರಾಸ ಕೂಡುತ್ತದೆ, ಉದ್ದಿನ ಕೊಂಕಣಿ ಹೆಸರಿಗೂ ಗಂಡನ ಪೋರ್ಚುಗೀಸ್ ಹೆಸರಿಗೂ ಹಾಗೆಯೇ. ಇದನ್ನು ಹೇಳಿದ ಮೇಲೆ ನಮ್ಮ ಯುವಕರಲ್ಲಿ ಇಬ್ಬರು ಚಹಾದಂಗಡಿಯ ಚಮಚದ ಕಡೆ ನೋಡಿದ್ದನ್ನು ನಾವು ನೋಡದಂತೆ ಇದ್ದೆವು.

ಅಜ್ಜಿಯ ಮೊಮ್ಮಗಳು ಕೊಲ್ಲಿಯಲ್ಲಿದ್ದಾಳೆ. ಮದುವೆಯಾಗಿ ಆರು ವರ್ಷ. ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. 'ಹಬ್ಬ ಜುಲೈಯಲ್ಲಲ್ಲವೇ?' ಎಂದು ಮಾತ್ರ ಕೇಳಿದೆವು. 'ಅಜ್ಜಿಯ ಮನೆಗೆ ಹೋಗಲು ಹಬ್ಬವೇ ಆಗಬೇಕೇ ಫಾದರ್?' ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪೋಪ್ ಫ್ರಾನ್ಸಿಸರು 2021ರಲ್ಲಿ ಈ ಹಬ್ಬದ ಆಸುಪಾಸಿನಲ್ಲೇ, ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯಂದಿರ ಮತ್ತು ಹಿರಿಯರ ವಿಶ್ವ ದಿನವಾಗಿ ಆರಂಭಿಸಿದರು. ನಾವೂ ಆ ದಿನ ಹಿರಿಯರಿಗೆ ಒಂದು ಹೂ, ಒಂದು ಕಪ್ ಚಹಾ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ಅವರ ಬಳಿ ಕೇಳಬೇಕಾದದ್ದನ್ನು ಕೇಳುತ್ತೇವೆಯೇ? ಮೇಸ್ತ್ರಿಯನ್ನು ನಾವು ಕೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. ಒಬ್ಬ ಯುವಕ ನೇರವಾಗಿ ಕೇಳಿದ: 'ಫಾದರ್, ತಲಾವ್ಲಿಯಲ್ಲೂ ಮೊದಲು ಚಿಕ್ಕ ಇಗರ್ಜಿ ಇತ್ತು ಎಂದಿರಲ್ಲ. ಅದು ಸಾಲದೆಂದು ತಾನೇ ದೊಡ್ಡದು ಕಟ್ಟಿದ್ದು? ಆಗ ಅವರು ಮಾಡಿದ್ದು ಸರಿಯಾದರೆ ಈಗ ನಾವು ಮಾಡುವುದು ಹೇಗೆ ತಪ್ಪು?'

ಪ್ರಶ್ನೆ ನ್ಯಾಯವಾದದ್ದು. ಇಗರ್ಜಿ ವಸ್ತುಸಂಗ್ರಹಾಲಯವಲ್ಲ. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನೇ ಜೀವಂತ ಕಲ್ಲುಗಳೆಂದು ಕರೆದಿದ್ದಾರೆ. ಮೊದಲ ಕ್ರೈಸ್ತರು ಮನೆಗಳಲ್ಲೇ ಕೂಡುತ್ತಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತು ಹೊರಡಿಸಿದ ದಸ್ತಾವೇಜು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ದೇವಾಲಯ ಕಟ್ಟುವಾಗ ಜನರು ಆರಾಧನೆಯಲ್ಲಿ ಸಕ್ರಿಯವಾಗಿ ಭಾಗವಹಿಸುವಂತಿರಬೇಕು ಎಂಬುದು ಒಂದು. ದೇವರ ಮನೆಗೆ ಭೂಷಣವಾಗಿರುವ ಬೆಲೆಬಾಳುವ ವಸ್ತುಗಳು ಕೈಬಿಟ್ಟು ಹೋಗದಂತೆ ಎಚ್ಚರ ವಹಿಸಬೇಕು ಎಂಬುದು ಇನ್ನೊಂದು. ಬಿಸಿಲಿನಲ್ಲಿ ನಿಲ್ಲುವ ತಾಯಂದಿರೂ ನಮ್ಮವರೇ, ಅಜ್ಜಂದಿರು ಹೊತ್ತು ತಂದ ಕಲ್ಲೂ ನಮ್ಮದೇ.

ಆದರೆ ಆ ಯುವಕನಿಗೆ ನಾವು ಬೇರೊಂದು ಪ್ರಶ್ನೆ ಕೇಳಿದೆವು: 'ಹೊಸ ಇಗರ್ಜಿಯ ಟೆರೇಸಿನ ಮೇಲೆ ಬಿದ್ದ ಎಲೆಯನ್ನು ಮೇ ತಿಂಗಳಲ್ಲಿ ಯಾರು ಗುಡಿಸುತ್ತಾರೆ?' ಅವನು ನಕ್ಕ. ಆಮೇಲೆ ಸುಮ್ಮನಾದ.

ನಮ್ಮ ಮನಸ್ಸಿನಲ್ಲಿ ನಿಂತದ್ದು ಇದೇ. ಅಗಸ್ಟೀನಿಯನ್ನರ ಇಗರ್ಜಿಯೂ ತಲಾವ್ಲಿಯ ಇಗರ್ಜಿಯೂ ಒಂದೇ ಕಲ್ಲಿನವು, ಒಂದೇ ಮಾದರಿಯವು, ಒಂದೇ ಮಳೆಯಲ್ಲಿ ನೆನೆದವು. ದೊಡ್ಡದು, ಶ್ರೀಮಂತವಾದದ್ದು, ರಾಜಧಾನಿಯಲ್ಲಿದ್ದದ್ದು ಬಿದ್ದುಹೋಯಿತು. ಹಳ್ಳಿಯದು ನಿಂತಿದೆ. ಅಲ್ಲಿ ಕಾಯುವವರು ಹೊರಟುಹೋದರು. ಇಲ್ಲಿ ವರ್ಷ ವರ್ಷವೂ ಸೌತೆಕಾಯಿ ಹಿಡಿದುಕೊಂಡು ಬರುವವರು, ಸುಣ್ಣ ಬಳಿಯುವವರು, ಸೋರಿದರೆ ಗುರುಗಳಿಗೆ ಬಂದು ಹೇಳುವವರು ಇದ್ದರು. ಕಟ್ಟುವುದು ಒಂದು ತಲೆಮಾರಿನ ಕೆಲಸ. ಕಾಯುವುದು ಎಲ್ಲ ತಲೆಮಾರುಗಳದು. ನಾವು ಕಾಯುವ ಅಭ್ಯಾಸವನ್ನು ಕಳೆದುಕೊಂಡು, ಅದರ ಬದಲಿಗೆ ಕಟ್ಟುವ ಉತ್ಸಾಹವನ್ನು ತುಂಬಿಕೊಂಡಿದ್ದೇವೆ. ಕಾಯಲು ತಿಳಿಯದವರಿಗೆ ಕಾಂಕ್ರೀಟಿನ ಇಗರ್ಜಿಯೂ ಸೋರುತ್ತದೆ.

ಕುಟುಂಬಗಳಲ್ಲೂ ಹೀಗೆಯೇ ಅಲ್ಲವೇ? ಮದುವೆಯನ್ನು ನಾವು ಅದ್ದೂರಿಯಾಗಿ ಕಟ್ಟುತ್ತೇವೆ. ಆಮೇಲೆ ವರ್ಷಕ್ಕೊಮ್ಮೆಯಾದರೂ ಛಾವಣಿ ಹತ್ತಿ ನೋಡುವುದಿಲ್ಲ. ಒಂದು ಸಣ್ಣ ಗಿಡ ಬೇರು ಬಿಡುತ್ತದೆ. ಬಿರುಕು ಕಂಡಾಗ ಸಿಮೆಂಟ್ ಮೆತ್ತುತ್ತೇವೆ, ಮೇಲೆ ಬಣ್ಣ. ಹಬ್ಬಕ್ಕೆ ಬಂದವರು ಹೊಗಳುತ್ತಾರೆ. ಒಳಗಿನ ತೇವಕ್ಕೆ ಹೊರಬರುವ ದಾರಿ ಇರುವುದಿಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಾರದ ಮಾತು, ಮಕ್ಕಳು ಅಪ್ಪನ ಬಳಿ ಆಡಲಾರದ ಮಾತು, ಅಲ್ಲೇ ಉಪ್ಪಾಗಿ ಅರಳುತ್ತದೆ. ಪಾಪನಿವೇದನೆಗೆಂದು ಗೋಡೆಯೊಳಗೆ ಜಾಗ ಬಿಟ್ಟ ಹಿರಿಯರಿಗೆ ಇದು ತಿಳಿದಿತ್ತು. ಗಟ್ಟಿಯಾಗಿ ನಿಲ್ಲಬೇಕಾದ ಗೋಡೆಯಲ್ಲಿ ಮಾತು ಹರಿಯಲು ಸ್ವಲ್ಪ ತೆರವು ಬೇಕು.

ಊರಿಗೆ ಬಂದ ಮೇಲೆ ಪಾಲನಾ ಮಂಡಳಿ ಮತ್ತೆ ಕೂಡಿತು. ಬಡಗು ಗೋಡೆಯ ವಿಷಯದಲ್ಲಿ ನಮ್ಮಿಂದಾದ ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಂಡೆವು. ಆ ಗೋಡೆಯ ಸಿಮೆಂಟನ್ನು ಕೆತ್ತಿ, ಒಂದು ಪೂರ್ತಿ ಬೇಸಗೆ ಒಣಗಲು ಬಿಟ್ಟು, ಮೇಸ್ತ್ರಿಯವರ ಮಾರ್ಗದರ್ಶನದಲ್ಲಿ ಮತ್ತೆ ಸುಣ್ಣದ ಗಾರೆ ಹಾಕುವುದೆಂದು ತೀರ್ಮಾನವಾಯಿತು. ಕೈಗೆ ಬಲವಿಲ್ಲದಿದ್ದರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಹೇಳಿಕೊಡಲು ಅವರು ಒಪ್ಪಿದ್ದಾರೆ. ಇಬ್ಬರು ಹುಡುಗರು ಕಲಿಯಲು ಮುಂದೆ ಬಂದಿದ್ದಾರೆ. ಹೊಳೆಗೆ ಮರುವಾಯಿ ಹೆಕ್ಕಲು ಹೋಗುವ ಮನೆಯವರು ಚಿಪ್ಪು ಕೂಡಿಡುತ್ತೇವೆಂದಿದ್ದಾರೆ. ಪ್ರತಿ ವರ್ಷ ಮೇ ತಿಂಗಳ ಒಂದು ಶನಿವಾರ ವಾಳೆಗೊಬ್ಬರಂತೆ ಛಾವಣಿ ಹತ್ತಿ ಹಂಚು ತಿರುವಿ, ಗಿಡ ಕಿತ್ತು, ದೋಣಿಯ ಕಸ ತೆಗೆಯಬೇಕು. ಮೊದಲ ವರ್ಷ ಗುರುಗಳೂ ಹತ್ತಬೇಕೆಂದು ಯುವಕರು ಷರತ್ತು ಹಾಕಿದ್ದಾರೆ. ಒಪ್ಪಿದ್ದೇವೆ, ನಮಗಾಗಿ ಪ್ರಾರ್ಥಿಸಿ.

ಹೊಸ ಇಗರ್ಜಿ ಬೇಕೋ ಬೇಡವೋ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ. ಎರಡು ಮಳೆಗಾಲ ಕಾದು ನೋಡೋಣ ಎಂದಾಗಿದೆ. ಹಳೆಯದನ್ನು ಉಳಿಸಿಕೊಂಡೇ ಪಕ್ಕಕ್ಕೆ ಚಾವಡಿ ಇಳಿಸಿದರೆ ಬಿಸಿಲಿನಲ್ಲಿ ನಿಲ್ಲುವವರಿಗೆ ನೆರಳಾಗುತ್ತದೆಯೇ ಎಂದು ಇನ್ನೊಂದು ನಕ್ಷೆ ಬರೆಸಬೇಕೆಂಬ ಸಲಹೆಯೂ ಬಂದಿದೆ. ಆ ಕಾಗದದ ಸುರುಳಿ ಕಪಾಟಿನ ಮೇಲೆಯೇ ಇದೆ. ಅದನ್ನು ನಾವು ಹರಿದು ಹಾಕಿಲ್ಲ. ಧೂಳು ಮಾತ್ರ ಒರೆಸಿಟ್ಟಿದ್ದೇವೆ.

ನಿಮ್ಮ ಊರಿನಲ್ಲೂ ಹಳೆಯ ಇಗರ್ಜಿ ಇದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಸ್ವಲ್ಪ ನಿಲ್ಲಿ. ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ಹಾಕಿ. ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಜೊತೆಯಲ್ಲಿ ಮನೆಯ ಅಜ್ಜಿಯನ್ನೂ ಕರೆದೊಯ್ಯಿರಿ, ಈ ಕಲ್ಲು ಎಲ್ಲಿಂದ ಬಂತು, ಯಾರು ಹೊತ್ತರು ಎಂದು ಕೇಳಿ. ಅವರು ಹೇಳುತ್ತಾರೆ. ನಾವು ಕೇಳಬೇಕಷ್ಟೇ.

ಆ ಮೊಮ್ಮಗಳಿಗಾಗಿಯೂ ಒಂದು ನಮೋ ಮರಿಯ ಹೇಳುವುದನ್ನು ಮರೆಯಬೇಡಿ.

ಸಂತ ಅನ್ನಮ್ಮನವರ ಪ್ರಾರ್ಥನೆಯಿಂದ ದೇವರು ನಿಮ್ಮ ಮನೆಗಳ ಗೋಡೆಗಳನ್ನೂ ಒಳಗಿರುವವರನ್ನೂ ಕಾಪಾಡಲಿ.